ಬೆನ್ನ ಹಿಂದಿನ ಹಿಡಿಕೆ

"ಎಳೀರಿ," ಎಂದರು ಇನ್‌ಸ್ಪೆಕ್ಟರ್. "ಇನ್ನೂ ಸ್ವಲ್ಪ ಎಳೀರಿ."

ಅತ್ತಿಗೆ ಎಳೆದಳು. ಆದರೂ ಬೆನ್ನಿಗೇರಿಸಿದ ಬ್ಯಾಗಿನ ಎದೆಪಟ್ಟಿಯ ಎರಡು ತುದಿಗಳ ನಡುವೆ ಒಂದು ಗೇಣು ಬರಿದಾಗಿಯೇ ಉಳಿಯಿತು. ಇನ್‌ಸ್ಪೆಕ್ಟರ್ ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ನಿಂತರು. ಬಕಲ್ ಸೇರಲಿಲ್ಲ.

"ಮೇಡಂ, ಹರಿದುಹೋಗತ್ತೆ."

"ನನಗೇ ಸಾಲದ ಪಟ್ಟಿ ನಿಮ್ಮ ಮೈದುನನಿಗೆ ಹೇಗಮ್ಮ ಸಾಲ್ತು? ಅವರು ಬಾಗಿಲು ತುಂಬುವ ಆಳು."

ಅತ್ತಿಗೆ ಕೌಂಟರಿನ ಮೇಲಿದ್ದ ಸ್ಪಿರಿಟ್ ಬಾಟಲಿಯನ್ನು ಬಟ್ಟೆಯ ಮೇಲೆ ಬಗ್ಗಿಸಿ, ಸಾಲಾಗಿಟ್ಟಿದ್ದ ಹೆಡ್‌ಸೆಟ್ಟುಗಳಲ್ಲೊಂದನ್ನು ಎತ್ತಿಕೊಂಡು ಅದರ ಒಳಮೈಯನ್ನು ಒರೆಸತೊಡಗಿದಳು. ಆಟದ ಹಾಲಿಗೆ ಬೀಗ ಬಿದ್ದು ಆಟಗಾರರ ನೆರಳೂ ಇತ್ತ ಸುಳಿಯದಿದ್ದರೂ ಆ ಕೈಗಳಿಗೆ ಮಾತ್ರ ಯಾರೂ ರಜೆ ಕೊಟ್ಟಂತಿರಲಿಲ್ಲ.

ಮೇಜಿನ ಮೇಲೆ ಇಳಿಸಿದ ಬ್ಯಾಗು ಒಂದು ಮೂಲೆ ನುಜ್ಜುಗುಜ್ಜಾಗಿ, ಹೊಟ್ಟೆಯೊಡೆದ ಆಮೆಯಂತೆ ಬಿದ್ದಿತ್ತು. ಹೊರನೋಟಕ್ಕೆ ಬೆನ್ನಿಗೇರಿಸುವ ಚೀಲ, ಒಳಗಿರುವುದು ಕಂಪ್ಯೂಟರು. ಇದನ್ನು ಹೊತ್ತು, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡವರು ಬರಿಯ ಹಾಲಿನೊಳಗೆ ಓಡಾಡುತ್ತ ಬೇರೊಂದು ಲೋಕವನ್ನೇ ಕಾಣುತ್ತಾರೆ. ನಿಜವಾದ ಗೋಡೆ ಹತ್ತಿರವಾದಾಗ ಹಸಿರು ಗೆರೆಗಳು ಎದ್ದು ಎಚ್ಚರಿಸುತ್ತವೆ. ಈ ಬ್ಯಾಗನ್ನು ಕಟ್ಟಿದ ಆ ಮೈದುನನೇ ಪರೀಕ್ಷೆಯ ಆಟದಲ್ಲಿ ಸಾಮಾನು ಲಿಫ್ಟಿನ ಬಾವಿಗೆ ಬಿದ್ದು ಸತ್ತದ್ದು ಆಕಸ್ಮಿಕವಲ್ಲವೆಂದು ನಿನ್ನೆ ಖಚಿತವಾಗಿತ್ತು: ಬಾವಿಯ ಕಡೆಯ ಹಸಿರು ಗೆರೆಗಳನ್ನು ಈ ಒಂದು ಬ್ಯಾಗಿನಿಂದ ಯಾರೋ ಅಳಿಸಿದ್ದರು.

"ಬಿದ್ದ ರಭಸಕ್ಕೆ ಬಕಲ್ ಬಿಚ್ಚಿಕೊಂಡಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ," ಎಂದರು ಇನ್‌ಸ್ಪೆಕ್ಟರ್. "ಅದು ಹಾಕಿಯೇ ಇರಲಿಲ್ಲ. ಹಾಕೋಕೆ ಬರ್ತಾನೇ ಇರಲಿಲ್ಲ. ಈ ಪಟ್ಟಿ ಯಾರ ಅಳತೆಗೆ ಬಿಗಿದದ್ದು?"

ಒರೆಸುವ ಬಟ್ಟೆ ನಿಂತಿತು.

"ನಂದು," ಎಂದಳು ಅತ್ತಿಗೆ. "ಅದು ಅವನ ಬ್ಯಾಗಲ್ಲ ಮೇಡಂ. ನಂದು."

ಹೊರಗಿನ ರಸ್ತೆಯಲ್ಲಿ ಲಾರಿಯೊಂದು ಹಾದುಹೋಯಿತು. ಗಾಜಿನ ಬಾಗಿಲು ಸಣ್ಣಗೆ ನಡುಗಿ ಸುಮ್ಮನಾಯಿತು.

"ಬೆನ್ನು ಸುಡ್ತಾ ಇತ್ತು. ಒಳಗಿನ ಫ್ಯಾನು ತಿರುಗ್ತಿರಲಿಲ್ಲವೋ ಏನೋ. 'ಕೆಂಡ ಹೊತ್ತ ಹಾಗಿದೆ ಕಣೋ' ಅಂದೆ. 'ಕೊಡಿ ಅತ್ತಿಗೆ, ನನ್ನದು ಎಮ್ಮೆ ಚರ್ಮ' ಅಂತ ನಗ್ತಾ ಅದನ್ನ ಕಿತ್ಕೊಂಡ, ತನ್ನದು ನನಗೆ ಹಾಕಿದ. ಪಟ್ಟಿ ಸಡಿಲ ಮಾಡಿಕೊಳ್ಳೋಕೂ ನಿಲ್ಲಲಿಲ್ಲ. ಅವನಿಗೆ ಯಾವಾಗಲೂ ಅವಸರ."

"ಯಾರು ನೋಡಿದ್ರು?"

"ಯಾರೂ ಇಲ್ಲ. ಇವರು ಆಗಲೇ ಹಾಲಿನೊಳಗೆ ಹೋಗಿದ್ರು."

'ಇವರು' ಎಂದರೆ ಆಕೆಯ ಗಂಡ, ಸತ್ತವನ ಅಣ್ಣ. ಈ ಆಟದಂಗಡಿಯ ಹೊರವ್ಯವಹಾರವೆಲ್ಲ ಅಣ್ಣನದು, ಯಂತ್ರಗಳೆಲ್ಲ ತಮ್ಮನದು. ಕೌಂಟರು ಆಕೆಯದು: ಹೆಡ್‌ಸೆಟ್ ಒರೆಸುವುದು, ಬ್ಯಾಗಿಗೆ ಬ್ಯಾಟರಿ ತುಂಬುವುದು, ಬಂದವರ ಮೈಗೆ ಪಟ್ಟಿ ಹೊಂದಿಸುವುದು. ಮೈದುನನ ಬಾಯಿಂದ ಹೊರಟ 'ಅತ್ತಿಗೆ' ಎಂಬ ಕರೆ ಅಲ್ಲಿ ಎಲ್ಲರ ಬಾಯಿಗೂ ಹತ್ತಿತ್ತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಾಗತ್ತೆ ಮೇಡಂ? ಸಾಯಬೇಕಾದವಳು ನಾನು ಅಂತಾಗತ್ತೆ." ಆಕೆಯ ದನಿ ದಾರದಂತೆ ತೆಳುವಾಯಿತು. "ಬಾಯಿಬಿಟ್ಟು ಹೇಳದೆ ಇದ್ರೆ ನಿಜ ಆಗಲ್ಲ ಅನ್ನಿಸ್ತಿತ್ತು."

ಇನ್‌ಸ್ಪೆಕ್ಟರ್ ಬ್ಯಾಗಿನ ನೆತ್ತಿಯಲ್ಲಿದ್ದ ರಬ್ಬರಿನ ಹಿಡಿಕೆಯನ್ನು ನೋಡಿದರು. ಈ ಹಾಲಿನ ರಿವಾಜೊಂದಿತ್ತು. ಹೆಡ್‌ಸೆಟ್ ಕಟ್ಟಿಕೊಂಡವರಿಗೆ ಹೊರಗಿನದು ಕಾಣದು, ಕೇಳದು. ಆದ್ದರಿಂದ ಎಡಭುಜಕ್ಕೆ ಎರಡು ಸಲ ತಟ್ಟಿದರೆ ನಿಲ್ಲಬೇಕು. ಹಿಂದಿನಿಂದ ಹಿಡಿಕೆ ಹಿಡಿದರೆ, ಹಿಡಿದವರು ನಡೆಸಿದತ್ತ ಮರುಮಾತಿಲ್ಲದೆ ನಡೆಯಬೇಕು. ರಿವಾಜು ಮಾಡಿದವನು ತಮ್ಮ. ಅದನ್ನು ಪಾಲಿಸಿಯೇ ಸತ್ತವನೂ ಅವನು. ಈ ಹಿಡಿಕೆಯ ಮೇಲೆ ಒಂದೇ ಒಂದು ಬೆರಳ ಗುರುತೂ ಸಿಕ್ಕಿರಲಿಲ್ಲ. ಬಟ್ಟೆ ಸುತ್ತಿಯೋ ಕೈಗವಸು ತೊಟ್ಟೋ ಹಿಡಿದವರ ಕೆಲಸ.

ಒಳಗಿನ ಲೋಕದಲ್ಲಿ ಬಣ್ಣ ಬ್ಯಾಗಿನದು, ಮನುಷ್ಯರದಲ್ಲ. ಅತ್ತಿಗೆಯ ಬ್ಯಾಗು ಹೊತ್ತವರು ನೀಲಿ ಹೆಂಗಸಾಗಿ ಕಾಣುತ್ತಾರೆ. ಎತ್ತರವೂ ಎಲ್ಲರದೂ ಒಂದೇ. ಹಾಗಾದರೆ ಹಿಡಿಕೆ ಹಿಡಿದವರು ಅತ್ತಿಗೆಯನ್ನೇ ಹಿಡಿದೆವೆಂದುಕೊಂಡು ತಮ್ಮನನ್ನು ಬಾವಿಗೆ ನಡೆಸಿದ್ದರು. ಬರಿಗಣ್ಣಿನವರು ಇಂಥ ತಪ್ಪು ಮಾಡಲಾರರು. ಅದು ಹೆಡ್‌ಸೆಟ್ ತೊಟ್ಟವರು ಮಾತ್ರ ಮಾಡಬಹುದಾದ ತಪ್ಪು. ಅಂದು ಹೆಡ್‌ಸೆಟ್ ತೊಟ್ಟವರು ಮೂವರು. ಒಬ್ಬ ಸತ್ತ. ಒಬ್ಬಳು ಎದುರಿಗೆ ನಿಂತಿದ್ದಾಳೆ.

"ಹಾಗೆಲ್ಲ ಯೋಚನೆ ಮಾಡಬೇಡಿ ಮೇಡಂ," ಎಂದಳು ಅತ್ತಿಗೆ ತಟ್ಟನೆ. "ಅವರು ನನ್ನ ಗಂಡ."

"ನಾನು ಯಾರ ಹೆಸರನ್ನೂ ಎತ್ತಲಿಲ್ಲವಲ್ಲ."

ಅತ್ತಿಗೆ ತುಟಿ ಕಚ್ಚಿಕೊಂಡಳು. ಕಣ್ಣು ತುಂಬಿತು. "ಸಂಜೆ ನಾನು ಅವರ ಜೊತೆ ಅದೇ ಮನೆಗೆ ಹೋಗಬೇಕು. ಅವರು ಬಾಗಿಲಿಗೆ ಚಿಲಕ ಹಾಕ್ತಾರೆ. ಆ ಸದ್ದು ಕೇಳಿದ್ರೆ ಈಗೀಗ ನನಗೆ ಕೈಕಾಲು ತಣ್ಣಗಾಗತ್ತೆ."

ಇನ್‌ಸ್ಪೆಕ್ಟರ್ ಆಕೆಯ ತೋಳು ಮುಟ್ಟಿದರು. ಈ ಜೀವವನ್ನು ಇಂದಿನ ಸಂಜೆಯಿಂದ ಆಚೆಗೆ ದಾಟಿಸಬೇಕು. ಅದಕ್ಕೆ ಮೊದಲು ಆ ಗಂಡನ ಬಾಯಿ ಬಿಡಿಸಬೇಕು. ಆ ಕ್ಷಣದಲ್ಲಿ ಅವರಿಗೆ ಬೇರೆ ಯಾವುದೂ ಮುಖ್ಯವೆನಿಸಲಿಲ್ಲ.

ಗಾಜಿನ ಬಾಗಿಲು ತೆರೆದುಕೊಂಡಿತು.

"ಏನ್ ಮೇಡಂ, ಬ್ಯಾಗ್ ಏರಿಸೋ ಅಭ್ಯಾಸ ನಡೀತಿದೆ?" ಅಣ್ಣ ಒಳಗೆ ಬಂದ. ಗಡ್ಡ ಬೋಳಿಸದ ಮುಖ, ನಿದ್ದೆಗೆಟ್ಟ ಕಣ್ಣು. ಬಲಗಾಲಿನ ಚಪ್ಪಲಿಯನ್ನು ಎಳೆದು ಹಾಕುವ ನಡಿಗೆ. "ಟಿಕೆಟ್ ಕೊಡೋಣವಾ? ಪೊಲೀಸರಿಗೆ ಅರ್ಧ ದರ."

"ಕೂತ್ಕೊಳ್ಳಿ."

"ಕೂತು ಕೂತು ಸಾಕಾಗಿದೆ. ನಿಂತೇ ಹೇಳ್ತೀನಿ, ಕೇಳಿ."

"ಅವತ್ತು ಹಾಲಿನೊಳಗೆ ಯಾರ ಹಿಡಿಕೆ ಹಿಡಿದ್ರಿ?"

"ಯಾರದೂ ಇಲ್ಲ."

"ನೀಲಿ ಹೆಂಗಸಿನ ಹಿಂದೆ ನೀವು ನಿಂತಿರಲಿಲ್ಲವಾ?"

"ನೀಲಿ ಹೆಂಗಸು ಇವಳಲ್ವಾ?" ಅಣ್ಣ ಹೆಂಡತಿಯ ಕಡೆ ಕೈ ತೋರಿಸಿದ. "ಇವಳ ಹಿಂದೆ ನಿಲ್ಲೋಕೆ ನನಗೆ ಯಾರ ಅಪ್ಪಣೆ ಬೇಕು? ಇಷ್ಟಕ್ಕೂ ಬಿದ್ದವನು ನನ್ನ ತಮ್ಮ. ಅವನನ್ನ ನಾನು ಕೊಂದೆ ಅಂತೀರಾ?"

"ತಮ್ಮನನ್ನ ಕೊಲ್ಲಬೇಕು ಅಂತ ನಿಮಗಿರಲಿಲ್ಲ," ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ. "ಆದರೆ ಅವತ್ತು ನೀಲಿ ಬ್ಯಾಗು ಹೊತ್ತಿದ್ದದ್ದು ನಿಮ್ಮ ತಮ್ಮ."

ಅಣ್ಣನ ಮುಖದಿಂದ ಗೇಲಿ ಇಳಿದುಹೋಯಿತು. ಅವನು ಬ್ಯಾಗನ್ನು ನೋಡಿದ. ಕುಗ್ಗಿದ ಎದೆಪಟ್ಟಿಯನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ತುಂಬ ಹೊತ್ತು ನೋಡಿದ.

"ನೀನು ಇದನ್ನ ನನಗೆ ಹೇಳಲಿಲ್ಲ."

ಅತ್ತಿಗೆ ಇನ್‌ಸ್ಪೆಕ್ಟರರ ಬೆನ್ನ ಹಿಂದೆ ಸರಿದಳು.

"ಮೇಡಂ," ಎಂದ ಅಣ್ಣ. "ನೀವು ಆ ಹೆಡ್‌ಸೆಟ್ ಒಂದು ದಿನವಾದರೂ ಹಾಕ್ಕೊಂಡಿದ್ದೀರಾ? ಬಣ್ಣ ಬದಲಾಗತ್ತೆ, ಎತ್ತರ ಬದಲಾಗತ್ತೆ. ನಡಿಗೆ ಬದಲಾಗಲ್ಲ. ಕಾಲಿಗೂ ಮಣಿಕಟ್ಟಿಗೂ ಪಟ್ಟಿ ಕಟ್ಟಿರ್ತಾರೆ. ನಾವು ನಡೆದ ಹಾಗೇ ಆ ಗೊಂಬೆ ನಡೆಯತ್ತೆ. ನನ್ನ ತಮ್ಮ ನಡೆದರೆ ಬಾತುಕೋಳಿ. ಅವನಿಗೆ ನಡೆಯೋಕೆ ಕಲಿಸಿದ್ದೇ ನಾನು. ನೀಲಿ ಮಾಡಿ, ಹಳದಿ ಮಾಡಿ, ಅವನ ನಡಿಗೆ ನನಗೆ ಗೊತ್ತಾಗಲ್ವಾ?"

"ಅವತ್ತು ಗೊತ್ತಾಯ್ತಾ?"

"ನಾನು ಅವತ್ತು ಅವರಿಬ್ಬರಿಗೆ ಬೆನ್ನು ಹಾಕಿ ಆ ತುದೀಲಿದ್ದೆ. ನೋಡಿದ್ರೆ ತಾನೇ ಗೊತ್ತಾಗೋದು?" ಅವನು ಕಣ್ಣೊರೆಸಿಕೊಂಡ. "ಬೆಳಿಗ್ಗೆ ಅವನು ಬಂದು 'ಅಣ್ಣ, ಆಟ ಮುಗೀಲಿ, ನಿನಗೆ ಒಂದು ವಿಷಯ ಹೇಳಬೇಕು, ಮನೆಯಲ್ಲಿ ಬೇಡ' ಅಂದಿದ್ದ. ಆಟ ಮುಗೀಲೇ ಇಲ್ಲ. ನಂಬಲ್ಲ ಅಂದ್ರೆ ಒಳಗೆ ಬನ್ನಿ. ನಿಮ್ಮ ಕಣ್ಣಾರೆ ನೋಡಿ."

ಇನ್‌ಸ್ಪೆಕ್ಟರ್ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ಎಂದೂ ಮಲಗಿದವರಲ್ಲ. ಕಣ್ಣು ಮುಚ್ಚಿಸುವ ಆಟಗಳೆಂದರೆ ಬಾಲ್ಯದಲ್ಲೇ ಅವರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಅವರ ತರ್ಕವೆಲ್ಲ ಆ ಒಂದು ತಪ್ಪಿನ ಮೇಲೆ ನಿಂತಿತ್ತು. ಆ ತಪ್ಪು ಸಾಧ್ಯವೇ ಎಂಬುದನ್ನು ನೋಡದೆ ವಿಧಿಯಿರಲಿಲ್ಲ.

"ನೀವೂ ಬರಬೇಕಾಗತ್ತಮ್ಮ," ಎಂದರು ಅತ್ತಿಗೆಗೆ. "ಹೆದರಬೇಡಿ, ನಾನಿರ್ತೀನಿ."

ಹಾಲು ನೆಲದಿಂದ ಸೂರಿನವರೆಗೆ ಕಪ್ಪು. ಸೂರಿನ ಅಂಚಿನಲ್ಲಿ ಸುತ್ತಲೂ ಪುಟ್ಟ ಕ್ಯಾಮೆರಾಗಳು, ಮಿಟುಕದ ಕಣ್ಣುಗಳಂತೆ. ಕಿಟಕಿಯಿಲ್ಲ. ದೂರದ ಗೋಡೆಯಲ್ಲಿ ಲಿಫ್ಟಿನ ಬಾವಿಯ ಷಟರು ಮುಚ್ಚಿತ್ತು. ಅದನ್ನೆತ್ತುವ ಸ್ವಿಚ್ಚು ಮೂಲೆಯ ಕಂಬದ ಮೇಲೆ. ಅಂದು ಷಟರು ಎತ್ತಿದವರಾರೆಂದು ಯಾರೂ ಒಪ್ಪಿಕೊಂಡಿರಲಿಲ್ಲ. ಸ್ವಿಚ್ಚಿಗೆ ತಾವೇ ಅಂಟಿಸಿದ್ದ ಕಾಗದದ ಮೊಹರನ್ನು ಇನ್‌ಸ್ಪೆಕ್ಟರ್ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಭದ್ರವಾಗಿತ್ತು.

ಬಾಗಿಲಲ್ಲಿ ನಿಂತಿದ್ದವನು ಹಾಲಿನ ಕಾವಲುಗಾರ. ಆಟಗಾರರು ಗೋಡೆಯ ಹತ್ತಿರ ಹೋದಾಗಲೆಲ್ಲ 'ಗೋಡೆ, ಗೋಡೆ' ಎಂದು ಅರಚುವ ಅವನಿಗೆ ಗೋಡೆ ಎಂದೇ ಹೆಸರು ಬಿದ್ದಿತ್ತು. ಬಳಿ ಬಂದರೆ ಹೊಗೆಸೊಪ್ಪಿನ ಘಾಟು.

"ಎರಡು ತಟ್ಟು ಬಿದ್ರೆ ನಿಂತುಬಿಡಿ ಮೇಡಂ," ಎಂದ ಗೋಡೆ. "ಹಿಡಿಕೆ ಹಿಡಿದ್ರೆ ನಾನೇ ಅಂತ ತಿಳ್ಕೊಳ್ಳಿ, ಕರ್ಕೊಂಡು ಹೋದ ಕಡೆ ಬನ್ನಿ. ಕೊಸರಾಡಬೇಡಿ. ಕೊಸರಾಡಿದವರೇ ಮೂತಿ ಒಡಕೊಳ್ಳೋದು."

"ಅವತ್ತು ನೀನೆಲ್ಲಿದ್ದೆ ಅನ್ನೋದು ಇನ್ನೊಂದು ಸಲ ಹೇಳಪ್ಪ."

"ಎಷ್ಟು ಸಲ ಹೇಳಲಿ? ಇವರ ಬ್ಯಾಗಿನ ಬ್ಯಾಟರಿ ಕೆಂಪು ತೋರಿಸ್ತು." ಅವನು ಅಣ್ಣನತ್ತ ಗದ್ದ ಎತ್ತಿದ. "ತುಂಬಿದ್ದು ತರೋಕೆ ಹೋದೆ. ಬರೋಷ್ಟರಲ್ಲಿ ಎಲ್ಲ ಮುಗಿದಿತ್ತು."

ಅತ್ತಿಗೆ ಬ್ಯಾಗುಗಳಿಗೆ ಬ್ಯಾಟರಿ ತುಂಬಿದಳು. ತಾನು ಹೊರುವುದಕ್ಕೆ ನೀಲಿ ಬಣ್ಣ ಕೊಟ್ಟಳು, ಗಂಡನದಕ್ಕೆ ಕಿತ್ತಳೆ. ಇನ್‌ಸ್ಪೆಕ್ಟರರ ಬೆನ್ನಿಗೆ ತಾನೇ ಬ್ಯಾಗೇರಿಸಿ, ಮಗುವಿಗೆ ಅಂಗಿ ತೊಡಿಸುವಷ್ಟು ಮೃದುವಾಗಿ ಪಟ್ಟಿ ಬಿಗಿದಳು. ಹೆಡ್‌ಸೆಟ್ಟನ್ನು ಮುಖಕ್ಕೆ ಒತ್ತಿ, ತಲೆಯ ಹಿಂದಿನ ತಿರುಪನ್ನು ತಿರುಗಿಸಿದಳು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿತು.

ಹಾಲು ಇಲ್ಲವಾಯಿತು.

ನಾಲ್ಕೂ ಕಡೆ ಮುಗಿಯದ ಬಯಲು. ಒಣಹುಲ್ಲು ಸೊಂಟದೆತ್ತರ. ಮೇಲೆ ಇನ್ನೇನು ಹರಿದುಬೀಳುವಂಥ ಕಪ್ಪು ಆಕಾಶ, ಕಿವಿ ತುಂಬ ಗಾಳಿಯ ಮೊರೆತ. ಸತ್ತವನು ಕಟ್ಟಿದ ಲೋಕ ಅದು. ಕಟ್ಟಿದವನು ಹೋದಮೇಲೂ ಅವನ ಹುಲ್ಲು ಹಾಗೆಯೇ ತೊನೆಯುತ್ತಿತ್ತು. ಇನ್‌ಸ್ಪೆಕ್ಟರ್ ಕೈ ಚಾಚಿದರು. ಕಂಡದ್ದು ತಮ್ಮ ಕೈಯಲ್ಲ, ಯಾರದೋ ಬಿಳಿಯ ಕೈ. ಬೆನ್ನಿನ ಮೇಲೆ ಬ್ಯಾಗು, ಹೆಗಲೇರಿದ ಜೀವಂತ ಪ್ರಾಣಿಯಂತೆ, ಬೆಚ್ಚಗೆ ಗುಂಯ್‌ಗುಡುತ್ತಿತ್ತು.

ನೀಲಿ ಹೆಂಗಸು ಎದುರು ಬಂದಳು. ಅದೇ ಎತ್ತರದ ಕಿತ್ತಳೆ ಮನುಷ್ಯ ಆಚೆ ನಿಂತ.

"ನಡೀತೀನಿ ನೋಡಿ," ಎಂದ ಅಣ್ಣ. ದನಿ ನೇರ ಕಿವಿಯೊಳಗೇ ಹುಟ್ಟಿದಂತಿತ್ತು. ಅಲ್ಲಿ ಯಾರ ಮಾತಿಗೂ ದೂರವಿಲ್ಲ, ದಿಕ್ಕಿಲ್ಲ.

ಕಿತ್ತಳೆ ಮನುಷ್ಯ ನಡೆದ. ಬಲಗಾಲು ಎಳೆದು ಎಳೆದು ನಡೆದ. ಮುಖವಿಲ್ಲ, ಚಪ್ಪಲಿಯೂ ಇಲ್ಲ. ಆದರೂ ಅದು ಅಣ್ಣನೇ. ಬೀದಿಯ ಆ ಕೊನೆಯಲ್ಲಿ ಕಂಡಿದ್ದರೂ ಗುರುತು ಸಿಗುತ್ತಿತ್ತು. ನೀಲಿ ಹೆಂಗಸು ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ನಡೆದಳು, ಅದು ಅತ್ತಿಗೆಯೇ.

ಇನ್‌ಸ್ಪೆಕ್ಟರ್ ಒಬ್ಬರಿಂದ ಇನ್ನೊಬ್ಬರತ್ತ ಕಣ್ಣು ಹೊರಳಿಸಿ ಎರಡೂ ನಡಿಗೆಗಳನ್ನು ಹೋಲಿಸಿ ನೋಡಿದರು.

"ಮೇಡಂ," ಅತ್ತಿಗೆಯ ದನಿ. "ತಲೆ ಸುತ್ತುತ್ತಿದೆ. ಆ ಮೂಲೆಯ ಕಂಬದ ಹತ್ತಿರ ಕೂತ್ಕೋತೀನಿ."

"ಕೂತ್ಕೊಳ್ಳಿ ಅಮ್ಮ."

ನೀಲಿ ಹೆಂಗಸು ದೂರ ಸರಿದು, ಹುಲ್ಲಿನ ನಡುವೆ ಮುದುಡಿ ಕುಳಿತಳು.

ಅಷ್ಟರಲ್ಲಿ ಕಣ್ಣಂಚಿನಲ್ಲಿ ಕೆಂಪು ಗುರುತೊಂದು ಮಿನುಗಿತು. ಎಡಭುಜಕ್ಕೆ ಎರಡು ತಟ್ಟು. ಹೊಗೆಸೊಪ್ಪಿನ ಘಾಟು. ಹೆಡ್‌ಸೆಟ್ಟಿನ ಅಂಚು ಸರಿಸಿ ಗೋಡೆ ಕಿವಿಯ ಬಳಿ ಅರಚಿದ: "ನಿಮ್ಮ ಬ್ಯಾಟರಿ ಕೆಂಪಾಗಿದೆ ಮೇಡಂ! ಅಲ್ಲೇ ನಿಂತಿರಿ, ತಂದುಬಿಡ್ತೀನಿ!"

ಗಾಳಿಯ ಮೊರೆತ ಮತ್ತೆ ಮುಚ್ಚಿಕೊಂಡಿತು.

"ನೋಡಿದ್ರಲ್ಲ?" ಎಂದ ಅಣ್ಣ. "ಈಗ ಹೇಳಿ. ನನ್ನ ತಮ್ಮನನ್ನ ಹಿಡಿದು, ಇವಳು ಅಂದುಕೊಳ್ಳೋಕೆ ಆಗತ್ತಾ?"

"ಆಗಲ್ಲ," ಎಂದರು ಇನ್‌ಸ್ಪೆಕ್ಟರ್. ತಮ್ಮ ದನಿಯೇ ತಮಗೆ ಅಪರಿಚಿತವಾಗಿ ಕೇಳಿಸಿತು.

ಆಗದು. ಅಂದರೆ ತಪ್ಪು ನಡೆದೇ ಇರಲಿಲ್ಲ. ಹಿಡಿಕೆ ಹಿಡಿದವರಿಗೆ, ಹೊತ್ತವನು ತಮ್ಮನೆಂದು ಗೊತ್ತಿತ್ತು. ಸಾಯಬೇಕಾದವನು ತಮ್ಮನೇ. ಹಾಗಾದರೆ ಹಸಿರು ಗೆರೆ ಅಳಿಸಿದ ಬ್ಯಾಗು ಅವನ ಬೆನ್ನಿಗೆ ಬರುವಂತೆ ಮಾಡಿದವರು—

"ಏನಮ್ಮ, ಹೇಗಿದ್ದೀರಿ?" ಎಂದು ಅವರು ನೀಲಿ ಹೆಂಗಸನ್ನು ಕೇಳಿದರು.

ಉತ್ತರ ಬರಲಿಲ್ಲ. ಹುಲ್ಲು ತೊನೆಯಿತು. ನೀಲಿ ಹೆಂಗಸು ಮುದುಡಿದಂತೆಯೇ ಇದ್ದಳು. ಹೆಗಲು ಏರಲಿಲ್ಲ, ಇಳಿಯಲಿಲ್ಲ.

ಎಡಭುಜಕ್ಕೆ ಎರಡು ತಟ್ಟು.

ಇನ್‌ಸ್ಪೆಕ್ಟರ್ ಹಗುರಾದರು. "ಬಂದೆಯಾ ಗೋಡೆ? ಬೇಗ ಬಂದೆ."

ಬೆನ್ನ ಹಿಂದೆ ಹಿಡಿಕೆ ಬಿಗಿಯಿತು. ಬ್ಯಾಗು ತುಸು ಮೇಲೆದ್ದು, ಪಟ್ಟಿಗಳು ಕಂಕುಳಲ್ಲಿ ಕೊರೆದವು. ಕೈ ಅವರನ್ನು ಅರ್ಧ ಸುತ್ತು ತಿರುಗಿಸಿ ಮುಂದಕ್ಕೆ ನಡೆಸಿತು. ಕೊಸರಾಡಬೇಡಿ ಎಂದಿದ್ದ. ಅವರು ಕೊಸರಾಡಲಿಲ್ಲ. ಮನಸ್ಸು ಇನ್ನೂ ಕೌಂಟರಿನ ಬಳಿಯೇ ಇತ್ತು. ಬೆನ್ನು ಸುಡುತ್ತಿದೆ ಎಂದದ್ದು ಯಾರು? ಕೇಳಿದರೆ ಮೈದುನ ಇಲ್ಲವೆನ್ನಲಾರನೆಂದು ಬಲ್ಲವರು ಯಾರು? ಮನೆಯಲ್ಲಿ ಬೇಡವೆಂದು ಅವನು ಅಣ್ಣನಿಗೆ ಹೇಳಹೊರಟ ವಿಷಯ ಯಾರನ್ನು ಕುರಿತದ್ದು? ಅಂದು ಅಣ್ಣನ ಬ್ಯಾಗಿಗೆ, ಇಂದು ಇನ್‌ಸ್ಪೆಕ್ಟರರ ಬ್ಯಾಗಿಗೆ, ಗೋಡೆಯನ್ನು ಹೊರಗೆ ಓಡಿಸುವ ಅರೆಬರೆ ಬ್ಯಾಟರಿ ತುಂಬಿದವರು ಯಾರು?

ಹೆಜ್ಜೆ. ಮತ್ತೊಂದು ಹೆಜ್ಜೆ. ಹಸಿರು ಗೆರೆ ಎಲ್ಲೂ ಏಳಲಿಲ್ಲ. ಬಯಲು ಬಯಲಾಗಿಯೇ ಹರಡಿತ್ತು.

ಕಾಲಿನ ಗಂಟಿಗೆ ತಣ್ಣನೆಯ ಗಾಳಿ ಸೋಕಿತು. ಅದು ಸತ್ತವನ ಬಯಲಿನ ಗಾಳಿಯಲ್ಲ. ಅದರಲ್ಲಿ ಲಿಫ್ಟಿನ ಗ್ರೀಸಿನ ವಾಸನೆಯಿತ್ತು, ಆಳದ ತೇವವಿತ್ತು.

ಕತ್ತಿನ ಹಿಂದೆ, ಹಿಡಿಕೆಯ ಕೆಳಗೆ, ತಣ್ಣನೆಯ ಹನಿಯೊಂದು ತೊಟ್ಟಿಕ್ಕಿತು. ಒದ್ದೆ ಬಟ್ಟೆಯಿಂದ ಬಿದ್ದ ಹನಿ. ಬಿದ್ದಲ್ಲೇ ಚರ್ಮವನ್ನು ಇನ್ನಷ್ಟು ತಣ್ಣಗೆ ಮಾಡಿ ಆರಿಹೋದ ಹನಿ.

ಹೊಗೆಸೊಪ್ಪಿನ ಘಾಟಿರಲಿಲ್ಲ. ಸ್ಪಿರಿಟ್.

ಇನ್‌ಸ್ಪೆಕ್ಟರರ ಎರಡೂ ಕೈಗಳು ಹೆಡ್‌ಸೆಟ್ಟಿಗೆ ಹಾರಿದವು. ತಿರುಪು ಬಿಗಿದಿತ್ತು. ದೂರದಲ್ಲಿ ಕಿತ್ತಳೆ ಮನುಷ್ಯ ಕಾಲೆಳೆಯುತ್ತ ನೀಲಿ ಹೆಂಗಸಿನ ಬಳಿಗೆ ಹೋಗಿ, ಬಗ್ಗಿ, ಅವಳ ಹೆಗಲು ಮುಟ್ಟುವುದು ಕಂಡಿತು. ಮರುಗಳಿಗೆ ಅವನ ದನಿ ಕಿವಿಯೊಳಗೇ ಒಡೆಯಿತು.

"ಮೇಡಂ... ಇಲ್ಲಿ ಬರೀ ಬ್ಯಾಗಿದೆ. ನನ್ನ ಹೆಂಡತಿ ಎಲ್ಲಿ?"

ಹಿಡಿಕೆಯ ಮೇಲಿನ ಕೈ ಮುಂದಕ್ಕೆ ಒತ್ತಿತು. ಇನ್‌ಸ್ಪೆಕ್ಟರ್ ಬಲಗಾಲು ಊರಿದಲ್ಲಿ ನೆಲವಿರಲಿಲ್ಲ.